ಪ್ಲಾಸಿದಾ ಬೇಡವೆಂದ ಕುರ್ಚಿ

ಅಮೆರಿಕದ ಆರ್ಲಿಂಗ್ಟನ್ನಿನ ನಮ್ಮ ಬೊಲಿವಿಯಾದವರ ಬೀದಿಯಲ್ಲಿ ಪ್ಲಾಸಿದಾಳ ಕೈರುಚಿ ಗೊತ್ತಿಲ್ಲದ ಬಾಯಿಲ್ಲ. ಸಾಲ್ಟೇನ್ಯಾ ಕಡುಬಿನ ಅಂಚನ್ನು ಅವಳು ಜಡೆ ಹೆಣೆದಂತೆ ಮಡಿಸಿದರೆ, ಒಳಗಿನ ಮಾಂಸದ ರಸ ಒಂದು ತೊಟ್ಟೂ ಸೋರುತ್ತಿರಲಿಲ್ಲ. ಅವಳು ದುಡಿಯುವ ಅಂಗಡಿ ಮಾತ್ರ ಯಜಮಾನ ದೋನ್ ಅನಾಕ್ಲೇತೋನದು. ಅವಳ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿಸಿದವನೂ ಅವನೇ. ಹಾಕಿಸಿದ್ದೇ ತಡ, ಅವನ ನಾಲಿಗೆಗೆ ಒಂದೇ ಮಂತ್ರ ಅಂಟಿತು. ಭಾನುವಾರ ರಜೆ ಕೇಳಿದರೂ ಸರಿ, ನಿಂತು ನಿಂತು ಕಾಲು ಬಾತಿದೆ ಎಂದರೂ ಸರಿ, ಅಂಗಿಯ ಜೇಬು ತಟ್ಟುವನು: “ನಿನ್ನ ಕಾರ್ಡು ಎಲ್ಲಿದೆ ಗೊತ್ತಲ್ಲ?”

ಕಾರ್ಡು ಬಾರದೆ ಊರಿಗೆ ಹೋಗಿ, ಕೊಚಬಾಂಬಾದಲ್ಲಿರುವ ತಾಯಿಯ ಮುಖ ನೋಡಿಬರುವಂತಿರಲಿಲ್ಲ. ಪ್ಲಾಸಿದಾ ಹಲ್ಲು ಕಚ್ಚಿ ದುಡಿದಳು.

ಜನವರಿಯಲ್ಲಿ ಅಲಸಿಟಾಸ್ ಹಬ್ಬ ಬಂತು. ಬೇಕಾದ್ದರ ಪುಟ್ಟ ಆಟಿಕೆಯನ್ನು ನಡುಮಧ್ಯಾಹ್ನ ಕೊಂಡು, ಸಿರಿ ಕೊಡುವ ದೇವರು, ಮೀಸೆಯ ಎಕೇಕೊ ಬೊಂಬೆಯ ಮೈಗೆ ನೇತುಹಾಕಿ, ಅವನ ಬಾಯಿಗೊಂದು ಸಿಗರೇಟು ಇಟ್ಟರೆ ಸಾಕು, ಅದು ವರ್ಷದೊಳಗೆ ನಿಜವಾಗಿ ಮನೆಗೆ ಬರುತ್ತದೆ. ಪ್ಲಾಸಿದಾ ಬೆರಳಗಲದ ಕಾರ್ಡು ಕೊಂಡಳು. ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಕಾಲುನೋವು ಕೇಳಬೇಕಲ್ಲ, ಪುಟಾಣಿ ಮೇಜು ಕುರ್ಚಿಯನ್ನೂ ಕೊಂಡು ನೇತುಹಾಕಿದಳು.

ಎಕೇಕೊ ಕುರ್ಚಿಯನ್ನೇ ಮೊದಲು ಕಳಿಸಿದ. ಎದುರಂಗಡಿಯ ಯಜಮಾನತಿ ದೋನ್ಯಾ ಸಬೀನಾ ಕರೆದು, “ನನ್ನ ಅಂಗಡಿಗೆ ಬಾರೇ. ಮ್ಯಾನೇಜರ್ ಆಗಿ ಕೂತ್ಕೋ, ಹಿಟ್ಟು ಮುಟ್ಟೋದೇ ಬೇಡ” ಎಂದಳು.

ಪ್ಲಾಸಿದಾ ಕುಣಿಯುತ್ತಲೇ ವಕೀಲನ ಬಳಿ ಓಡಿದಳು.

“ಕೆಲಸ ಬದಲಾಯಿಸಬಹುದಮ್ಮ. ಕೊನೇ ಅರ್ಜಿ ಕೊಟ್ಟು ಆರು ತಿಂಗಳು ದಾಟಿದೆ, ಇನ್ನು ನಿಮ್ಮ ಮಾಲೀಕರು ಹೆದರಿಸಿದ್ರೆ ಹೆದರಬೇಡಿ” ಎಂದ ಆತ. “ಆದ್ರೆ ಹೊಸ ಕೆಲಸಾನೂ ಅದೇ ಥರದ್ದಿರಬೇಕು. ಅಡುಗೆಯವಳು ಅಂತ ಅರ್ಜಿ ಹಾಕಿ ಕುರ್ಚಿ ಮೇಲೆ ಕೂತ್ರೆ, ಕಾರ್ಡು ಕೈತಪ್ಪಬಹುದು.”

ಮನೆಗೆ ಬಂದವಳೇ ಎಕೇಕೊನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. “ಏನೋ ಮೀಸೆಯವನೇ, ನನ್ನ ಸಿಗರೇಟು ಸೇದಿ ನನ್ನನ್ನೇ ಆಟ ಆಡಿಸ್ತೀಯಾ?”

ನೇತುಹಾಕಿದ್ದನ್ನು ಎಸೆದರೆ ಅವನು ಮುನಿಯುತ್ತಾನೆ. ಯಾರಿಗಾದರೂ ಉಡುಗೊರೆ ಕೊಟ್ಟರೆ ಮುನಿಸಿಲ್ಲ. ಮರುದಿನ ಮೇಜು ಕುರ್ಚಿಯನ್ನು ಬಣ್ಣದ ಕಾಗದದಲ್ಲಿ ಸುತ್ತಿ ಅನಾಕ್ಲೇತೋನ ಕೈಗಿಟ್ಟಳು.

“ನೀವು ಕೂತ್ಕೊಳ್ಳಿ ದೋನ್. ನಾನು ಎದುರಂಗಡೀಲಿ ನಿಂತ್ಕೊಳ್ಳೋಕೆ ಹೊರಟೆ.”

ಅವನ ಕೈ ತಾನಾಗಿ ಜೇಬಿಗೆ ಹೋಯಿತು. “ನಿನ್ನ ಕಾರ್ಡು…”

“ಆ ಜೇಬು ಯಾವತ್ತೋ ತೂತಾಗಿದೆ. ಹೊಲಿಸ್ಕೊಳ್ಳಿ.”

ಎದುರಂಗಡಿಯಲ್ಲಿ ಸಬೀನಾ ವಿಷಯ ಕೇಳಿ ಮೂಗಿನ ಮೇಲೆ ಬೆರಳಿಟ್ಟಳು. “ಎಲ್ರೂ ಒಲೆ ಬಿಟ್ಟು ಕುರ್ಚಿಗೆ ಓಡ್ತಾರೆ. ನೀನೇನೇ, ಕುರ್ಚಿ ಬಿಟ್ಟು ಒಲೆಗೆ ಓಡಿಬರ್ತೀಯ!”

“ಕಾರ್ಡು ಬರೋವರೆಗೂ ನನ್ನನ್ನ ಕೂರಿಸ್ಬೇಡಿ ದೋನ್ಯಾ. ಅಡುಗೆಯವಳು ಅಂತಲೇ ಸೇರಿಸ್ಕೊಳ್ಳಿ, ಅಡುಗೇನೇ ಮಾಡ್ತೀನಿ.”

ಕುರ್ಚಿ ಸಿಕ್ಕಿದ ಅನಾಕ್ಲೇತೋನಿಗೆ ಮಾತ್ರ ಕೂರುವ ಯೋಗ ಬರಲಿಲ್ಲ. ಅಂಚು ಹೆಣೆಯುವವರಿಲ್ಲದೆ ತಾನೇ ಒಲೆಯ ಮುಂದೆ ನಿಂತ. ಅವನ ಸಾಲ್ಟೇನ್ಯಾಗಳು ಗಿರಾಕಿಗಳ ಅಂಗಿಯ ಮೇಲೆಲ್ಲ ಗೊಳೋ ಎಂದು ಅತ್ತವು.

ಎಲೆ ಉದುರುವ ಕಾಲಕ್ಕೆ ಕಾರ್ಡು ಬಂತು. ಪ್ಲಾಸಿದಾ ತಾಯಿಯ ಮಡಿಲಲ್ಲಿ ತಲೆಯಿಟ್ಟು ಬಂದು, ಮುಂದಿನ ಹಬ್ಬಕ್ಕೆ ಒಂದೇ ಒಂದು ಸಾಮಾನು ಕೊಂಡಳು: ಮೆತ್ತೆ ಹಾಕಿದ ಕುರ್ಚಿ. ಎಕೇಕೊಗೆ ಆ ದಿನ ಎರಡು ಸಿಗರೇಟು.