ಎಮೆಟ್ ಸುಡಲು ಬಂದ ಕಾಗದಗಳು

ನೆಬ್ರಾಸ್ಕಾದ ನಮ್ಮೂರಿನಲ್ಲಿ ಮಿಲಾಡಾ ಕುಬಿಚೆಕ್ ಮತ್ತು ಅವಳ ತಮ್ಮ ಎಮೆಟ್ ದನಗಳ ಕತ್ತು ಹಿಡಿದು ನಿಲ್ಲಿಸುವ ಕಬ್ಬಿಣದ ಗೇಟು ಮಾಡಿ ಮಾರುತ್ತಿದ್ದರು. ನಾನು ಅಲ್ಲಿ ವೆಲ್ಡರ್. ಸಿಟ್ಟು ಆ ಮನೆತನದ ಆಸ್ತಿ. ಅಪ್ಪ ಬೆಲ್ಟಿನಿಂದ ಮಾತಾಡುತ್ತಿದ್ದ, ಮಗ ಮುಷ್ಟಿಯಿಂದ. ಮಿಲಾಡಾ ಮಾತ್ರ ಹಲ್ಲು ಕಚ್ಚಿಕೊಂಡು ಕಚೇರಿ ನೋಡಿಕೊಳ್ಳುತ್ತಾ ಐವತ್ತು ದಾಟಿದ್ದಳು.

ಆ ಚಳಿಗಾಲದಲ್ಲಿ ಕಾನ್ಸಾಸಿನ ದೊಡ್ಡ ಕಂಪನಿಯೊಂದರ ವಕೀಲರಿಂದ ಪತ್ರ ಬಂತು. ನಿಮ್ಮ ಗೇಟಿನ ಚಿಲಕಕ್ಕೆ ಪೇಟೆಂಟ್ ಇರುವುದು ನಮ್ಮ ಹೆಸರಿನಲ್ಲಿ. ಮಾಡುವುದನ್ನು ನಿಲ್ಲಿಸಿ, ಪರಿಹಾರ ಕೊಡಿ ಎಂದಿತ್ತು. ಎಮೆಟ್ ಓದಿದವನೇ ಸುತ್ತಿಗೆ ಎಸೆದ, ಕಿಟಕಿ ಪುಡಿಪುಡಿ. ಮಿಲಾಡಾ ನಮ್ಮ ವಕೀಲೆಗೆ ಫೋನ್ ಮಾಡಿದಳು.

"ಒಂದು ಚೀಟೀನೂ ಬಿಸಾಡ್ಬೇಡಿ. ನಕ್ಷೆ, ಬಿಲ್ಲು, ಇಮೇಲು ಎಲ್ಲಾನೂ ತಾರೀಖಿನ ಪ್ರಕಾರ ಜೋಡ್ಸಿಡಿ," ಎಂದಳಾಕೆ.

ನಾನೂ ಮಿಲಾಡಾಳೂ ಜೋಡಿಸಲು ಕುಳಿತೆವು. ಹಳೆಯ ನಕ್ಷೆಗಳ ನಡುವೆ ಆ ಕಂಪನಿಯದೇ ಜಾಹೀರಾತು ಪುಸ್ತಿಕೆ ಸಿಕ್ಕಿತು. ಚಿಲಕದ ಚಿತ್ರದ ಸುತ್ತ ಎಮೆಟ್ ಪೆನ್ಸಿಲಿನಲ್ಲಿ ಬರೆದ ಅಳತೆಗಳು. ಮಿಲಾಡಾಳ ಮುಖ ಬಿಳಿಚಿಕೊಂಡಿತು. ಆದರೂ ಅದನ್ನು ಅದರ ವರ್ಷದ ಕಡತದಲ್ಲೇ ಇಟ್ಟಳು.

ವಿಷಯ ತಿಳಿದು ಎಮೆಟ್ ಪೆಟ್ರೋಲ್ ಡಬ್ಬಿ ಹಿಡಿದೇ ಬಂದ.

"ಕೊಡಿಲ್ಲಿ ಮಿಲಿ, ಸುಟ್ಟಾಕ್ತೀನಿ."

"ಕದ್ದಿದ್ದು ಸಾಲ್ದಾ? ಸಾಕ್ಷಿ ಸುಟ್ರೆ ಕೋರ್ಟಲ್ಲಿ ಇಬ್ರೂ ಮುಳುಗ್ತೀವಿ ಕಣೋ."

"ಕಾಗದ ಬೇಕೋ, ತಮ್ಮ ಬೇಕೋ ನಿಂಗೆ?"

"ಮೊದ್ಲು ತಮ್ಮನ ಥರ ನಡ್ಕೋ, ಆಮೇಲೆ ಕೇಳು."

ಅವನು ನುಗ್ಗಿದ. ಅವಳು ಕಡತವನ್ನು ಬೀರುವಿನ ಡ್ರಾಯರಿಗೆ ತುರುಕಿದಳು. ಅವಳ ಬಲಗೈ ಒಳಗಿರುವಾಗಲೇ ಅವನು ಡ್ರಾಯರನ್ನು ಒದ್ದು ಮುಚ್ಚಿದ. ಬೆರಳು ಮುರಿದ ಸದ್ದು ನನಗೂ ಕೇಳಿಸಿತು. ಅವನ ಕುತ್ತಿಗೆಗೆ ಕೈಹಾಕಿದೆ. ಮೊಣಕೈಯಿಂದ ಗುದ್ದಿ ನನ್ನ ಹಲ್ಲು ಉದುರಿಸಿದ. ಅಷ್ಟರಲ್ಲಿ ಮಿಲಾಡಾ ಎಡಗೈಯಲ್ಲಿ ಕಬ್ಬಿಣದ ಕೊಳವೆ ಎತ್ತಿ ಅವನ ಮಂಡಿಗೆ ಬಾರಿಸಿದಳು. ಅವನು ಚೀರುತ್ತಾ ಕುಸಿದ. ಇನ್ನೊಂದು ಏಟು ಹೆಗಲಿಗೆ ಬಿತ್ತು. ಮತ್ತೆ ಎತ್ತಿದಾಗ ಕೊಳವೆ ನೇರ ಅವನ ತಲೆಯ ಮೇಲಿತ್ತು.

"ಮಿಲಿ, ಸಾಕು! ಸತ್ತೋಗ್ತಾನೆ!" ಎಂದು ಕೂಗಿದೆ.

ಕೊಳವೆ ಕೈಯಿಂದ ಜಾರಿತು. ಜಗಳದಲ್ಲಿ ಡಬ್ಬಿ ಉರುಳಿ ಚೆಲ್ಲಿದ್ದ ಪೆಟ್ರೋಲಿನ ನಡುವೆ ಅವಳು ನಿಂತಿದ್ದಳು.

ವಕೀಲೆ ಪುಸ್ತಿಕೆಯ ಸಮೇತ ಎಲ್ಲ ಕಾಗದಗಳನ್ನೂ ಕಂಪನಿಯವರ ಎದುರಿಗಿಟ್ಟೇ ರಾಜಿ ಮಾಡಿಸಿದಳು. ಆ ಚಿಲಕ ಕೈಬಿಟ್ಟೆವು, ವರ್ಕ್‌ಶಾಪು ಉಳಿಯಿತು. ಎಮೆಟ್ ಕುಂಟುತ್ತಾ ವಯೋಮಿಂಗಿಗೆ ಹೋದವನು ಮತ್ತೆ ಬರಲಿಲ್ಲ.

"ಹೊಡೆದದ್ದಕ್ಕೆ ಬೇಜಾರಾ?" ಎಂದು ಒಮ್ಮೆ ಕೇಳಿದೆ.

"ಹೊಡೆದದ್ದಕ್ಕಲ್ಲ," ಎಂದಳು ಮಿಲಾಡಾ. "ಹೊಡೀವಾಗ ಹಿತ ಅನ್ನಿಸ್ತಲ್ಲ, ಅದಕ್ಕೆ."