ಹೆಬ್ಬೂರಿನಲ್ಲಿ ಕೇಳಿದ ಪೆಟ್ಟು

ಆಗ ನನಗೆ ನಲವತ್ತು. ಅದಾಗಿ ನಲವತ್ತು ವರ್ಷವಾಯಿತು. ವರ್ಷದ ತಿಥಿ ಮುಗಿಸಿ, ಸತ್ತ ನಮ್ಮ ಯಜಮಾನರ ಡ್ರಮ್ಮಿಗೆ ಬಟ್ಟೆ ಸುತ್ತಿಕೊಂಡು ಕುಣಿಗಲ್ಲಿನ ಬ್ಯಾಂಡಿನವರಿಗೆ ಕೊಟ್ಟುಬಿಡಲು ಹೊರಟಿದ್ದೆ. ಬಸ್ಸು ನಿಂತ ಹೆಬ್ಬೂರಿನ ಟೀ ಅಂಗಡಿಯಲ್ಲಿ ನನ್ನ ಮೈದುನಂದಿರ ಕ್ಯಾಸೆಟ್ ಹಾಡುತ್ತಿತ್ತು. ಫಂಕ್ ಅಂತ ಅವರು ನುಡಿಸುವ ಇಂಗ್ಲಿಷ್ ಕುಣಿತದ ಹಾಡು. ತಿಥಿಯವರೆಗೆ ಸತ್ತವರ ವಾದ್ಯ ಮುಟ್ಟಬಾರದೆಂದು ಡ್ರಮ್ ಇಲ್ಲದೆಯೇ ರೆಕಾರ್ಡ್ ಮಾಡಿದ್ದರು. ರೆಕಾರ್ಡ್ ಮಾಡುವಾಗ ನಾನೂ ಅಲ್ಲೇ ಕೂತಿದ್ದೆ.

ಹಾಡು ಮುಗಿದ ಮೇಲೆ ಒಂದು ಪೆಟ್ಟು ಕೇಳಿತು. ತಮ್ಮಂದಿರು ಬೈದರೂ ಬಿಡದೆ ಯಜಮಾನರು ಪ್ರತಿ ಹಾಡಿನ ಕೊನೆಗೆ ಒಂದು ಹೆಚ್ಚಿಗೆ ಹೊಡೆಯುತ್ತಿದ್ದ ಪೆಟ್ಟು.

“ದಿನಾ ಹಾಕ್ತೀನಿ, ಇವತ್ತೇ ಡ್ರಮ್ ಕೇಳಿದ್ದು. ನೀನೇ ಬಾರಿಸ್ದೇನಕ್ಕ?” ಅಂದ ಅಂಗಡಿಯವನು, ನನ್ನ ಪಕ್ಕದಲ್ಲಿದ್ದ ಡ್ರಮ್ ನೋಡಿ.

“ಎರಡೂ ಕೈಲಿ ಲೋಟ ಹಿಡ್ಕೊಂಡಿದೀನಿ, ಕಾಣಲ್ವೇನ್ಲಾ?”

ಕುಣಿಗಲ್ಲಿಗೆ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಬಟ್ಟೆ ಬಿಚ್ಚಿ, ಯಜಮಾನರು ಕಾರ್ಯಕ್ರಮಕ್ಕೆ ಹೊರಡುತ್ತಿದ್ದ ದಿನದ ಹಾಗೆ, ಡ್ರಮ್ಮಿನ ಚರ್ಮ ಬಿಗಿಯಾಗಲೆಂದು ಒಲೆ ಮುಂದೆ ಕಾಯಿಸಿಟ್ಟೆ.