ಮಾವನ ಉಕ್ಕಿನ ಹಡಗು

ಪಾಣೆಮಂಗಳೂರಿಗೆ ಸೊಸೆಯಾಗಿ ಬಂದ ಮೊದಲ ವರ್ಷವೇ ಮಾವನ ಕೆಮ್ಮಿನ ಆರೈಕೆ ನನ್ನ ಪಾಲಿಗೆ ಬಂತು. ಐವತ್ತರ ದಶಕದ ಕೊನೆ ಅದು. ಯೌವನದಲ್ಲಿ ಅವರು ಬ್ರಿಟಿಷರ ಯುದ್ಧದ ಹಡಗೊಂದರಲ್ಲಿ ಕಲ್ಲಿದ್ದಲು ಹೊತ್ತವರು. ಗಂಜಿ ಕುಡಿಸುವಾಗಲೆಲ್ಲ ಆ ಕ್ರೂಸರ್ ಹಡಗಿನ ಕಥೆ ತೆಗೆಯುತ್ತಿದ್ದರು. ಕಬ್ಬಿಣ ಬಿಟ್ಟು ಉಕ್ಕಿನಲ್ಲಿ ಹಡಗು ಕಟ್ಟಲು ತೊಡಗಿದ ಕಾಲದ್ದಂತೆ ಅದು; ಹಬೆಯ ಎಂಜಿನನ್ನು ಪೂರ್ತಿ ನಂಬದೆ ಹಾಯಿಕಂಬಗಳನ್ನೂ ನಿಲ್ಲಿಸಿದ್ದರಂತೆ. ಮೊದಲ ಮಹಾಯುದ್ಧದಲ್ಲಿ ಮಾವ ಸೇರುವ ಹೊತ್ತಿಗೆ ಅದು ಮುದಿಯಾಗಿತ್ತು. ಹಾಯಿಕಂಬ ಕಿತ್ತು, ಬಂದರು ಕಾಯಲು ಇಟ್ಟಿದ್ದರು. ಶತ್ರುವಿನ ಗುಂಡು ಎಂಜಿನಿಗೆ ತಾಗದಿರಲೆಂದು ಎರಡೂ ಬದಿಯ ಕೋಣೆಗಳಲ್ಲಿ ಕಲ್ಲಿದ್ದಲು ತುಂಬಿಸುತ್ತಿದ್ದರು. ಆ ಕತ್ತಲೆಯಿಂದ ಬುಟ್ಟಿ ಬುಟ್ಟಿ ಹೊತ್ತು ಒಲೆಗೆ ಮುಟ್ಟಿಸುವುದು ಮಾವನ ಕೆಲಸ. ತಮ್ಮ ತಂಗಿಯ ಗಂಡನನ್ನೂ ಅವರೇ ಕರೆದೊಯ್ದು ಸೇರಿಸಿದ್ದರು. ಮಾವನ ಆ ಭಾವ ಅಲ್ಲೇ ಜ್ವರ ಬಂದು ತೀರಿಕೊಂಡರೆಂದು ಮನೆಯವರೆಲ್ಲ ನಂಬಿದ್ದರು.

ಕಾಯಿಲೆ ಬಿಗಡಾಯಿಸಿದಾಗ ಮಾವ ಆ ತಂಗಿಯನ್ನು ಮಡಂತ್ಯಾರಿನಿಂದ ಕರೆಸಿದರು. ನಾನು ಅತ್ತೆ ಎನ್ನುತ್ತಿದ್ದುದು ಅವರನ್ನೇ. ಬಂದು ಚಾಪೆಯ ಬಳಿ ಕುಳಿತರು. ನಾನು ಮಾವನ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದೆ.

“ಜ್ವರ ಅಲ್ಲ ತಂಗಿ,” ಎಂದರು ಮಾವ. “ಕಲ್ಲಿದ್ದಲಿಗೆ ಬೆಂಕಿ ಹಿಡಿದಿತ್ತು. ಗಾಳಿ ಹೋಗದ ಹಾಗೆ ಆ ಕೋಣೆಯ ಬಾಗಿಲು ಮುಚ್ಚಿ ಅಂತ ಸಾಹೇಬ ಹೇಳಿದ. ಭಾವ ಒಳಗಿದ್ದರು. ಮುಚ್ಚಿದವರಲ್ಲಿ ನಾನೂ ಒಬ್ಬ.”



“ಒಳಗಿಂದ ಕರೆದ್ರಾ?” ಎಂದು ಕೇಳಿದರು ಅತ್ತೆ.

“ಕರೆದ್ರು.”

“ಯಾರನ್ನು?”

“ನನ್ನನ್ನು.”

ಹಡಗು ಉಳಿಯಿತು, ಯುದ್ಧ ಮುಗಿದ ಮೇಲೆ ಅದನ್ನೂ ಗುಜರಿಗೆ ಮಾರಿದರು ಎಂದು ಮಾವ ಹೇಳುತ್ತಲೇ ಇದ್ದರು. ಅತ್ತೆ ಅಷ್ಟರಲ್ಲಿ ಅಂಗಳಕ್ಕೆ ಇಳಿದಿದ್ದರು. ನಾನು ಹಿಂದೆಯೇ ಓಡಿದೆ.

“ಊಟ ಮಾಡಿ ಹೋಗಿ ಅತ್ತೆ.”

“ಈ ಮನೆಯ ಊಟ ಇನ್ನು ಬೇಡ ಮಗಾ,” ಎಂದು ನನ್ನ ಕೈ ಹಿಡಿದರು. “ನನ್ನ ಮಗನಿಗೆ ಮಾತ್ರ ಗೊತ್ತಾಗುವುದು ಬೇಡ. ಹೊಟ್ಟೆಯಲ್ಲಿದ್ದಾಗಲೇ ಅಪ್ಪ ಹೋದವನು. ಅವನಿಗೆ ಇರುವುದು ಸೋದರಮಾವ ಒಬ್ಬರೇ.”

ಆ ಮಳೆಗಾಲದಲ್ಲೇ ಮಾವ ತೀರಿಕೊಂಡರು. ಅತ್ತೆ ಬರಲಿಲ್ಲ, ಮಗನನ್ನು ಕಳುಹಿಸಿದರು. ನಮ್ಮದು ಅಳಿಯಕಟ್ಟು, ಸೋದರಳಿಯನೇ ಹಕ್ಕುದಾರ. ಚಿತೆಗೆ ಬೆಂಕಿ ಇಡಬೇಕಾದವರು ಅತ್ತೆಯ ಆ ಮಗನೇ. ಇಟ್ಟು ಬಂದು, ಒದ್ದೆ ಬಟ್ಟೆಯಲ್ಲೇ ಜಗಲಿಯ ಮೇಲೆ ಕುಸಿದರು.

“ಅಪ್ಪನ ಮುಖ ನಾನು ನೋಡ್ಲಿಲ್ಲ. ನನ್ನನ್ನು ಮನುಷ್ಯ ಮಾಡಿದ್ದು ಮಾವ,” ಎಂದು ನಡುವಯಸ್ಸಿನ ಆ ಗಂಡಸು ಗಟ್ಟಿಯಾಗಿ ಅತ್ತರು.

ಕುಡಿಯಲು ನೀರು ಕೊಟ್ಟೆ. ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದೆ.